ಫ್ಲಾಟ್‌ಬೆಡ್ ಕಂಪನಿ ಸೇರುವ ಮುಂಚೆ: ಅಮೆರಿಕದ ಹೊಸ ಟ್ರಕ್ ಡ್ರೈವರ್‌ಗಳಿಗೆ

ಸಿಡಿಎಲ್, ಅಂದರೆ ಟ್ರಕ್ ಓಡಿಸುವ ಲೈಸೆನ್ಸ್, ಕೈಗೆ ಬಂದ ತಕ್ಷಣ ಕಂಪನಿಗಳಿಗೆ ಡ್ರೈವರ್ ಹುಡುಕುವ ರಿಕ್ರೂಟರ್‌ಗಳ ಫೋನ್ ಶುರುವಾಗುತ್ತದೆ. ಎಲ್ಲರೂ ಹೇಳುವುದು ಒಂದೇ: ಮೈಲಿಗೆ ಇಷ್ಟು ಸೆಂಟ್. ಡ್ರೈ ವ್ಯಾನ್, ಅಂದರೆ ಮುಚ್ಚಿದ ಪೆಟ್ಟಿಗೆಯಂಥ ಟ್ರೇಲರ್, ಓಡಿಸುವವರಿಗೆ ಅದು ದೊಡ್ಡ ವಿಷಯ ಇರಬಹುದು. ಫ್ಲಾಟ್‌ಬೆಡ್‌ಗೆ, ಅಂದರೆ ಗೋಡೆ, ಚಾವಣಿ ಇಲ್ಲದ ಬಯಲು ಟ್ರೇಲರ್‌ಗೆ, ಹೋಗುವವರು ಮೊದಲು ಕೇಳಬೇಕಾದ್ದು ಬೇರೆ: ನಿಮ್ಮ ಟ್ರೇಲರ್ ಮೇಲೆ ಜಾಸ್ತಿ ಹೇರುವುದು ಏನು?

ನಾನು ದಾವಣಗೆರೆಯವನು. ಈಗ ಇಂಡಿಯಾನಾದ ಫೋರ್ಟ್ ವೇಯ್ನ್‌ನಲ್ಲಿದ್ದೇನೆ, ಹೆಚ್ಚಾಗಿ ಸ್ಟೀಲ್ ಕಾಯಿಲ್ (ಸುರುಳಿ ಸುತ್ತಿದ ಉಕ್ಕಿನ ತಗಡು) ಎಳೆಯುತ್ತೇನೆ. ಊರಲ್ಲಿ ಮಾವನ ಲಾರಿ ಇತ್ತು. ಲೋಡ್ ಹತ್ತಿ ತಾಡಪಾಲು ಹಾಕುವುದು ಕ್ಲೀನರ್ ಕೆಲಸ, ಡ್ರೈವರ್ ಅಷ್ಟರಲ್ಲಿ ಟೀ ಮುಗಿಸಿರುತ್ತಿದ್ದ. ಇಲ್ಲಿ ಕ್ಲೀನರ್ ಇಲ್ಲ. ಓಡಿಸುವವನೂ ನೀವೇ, ಚೈನ್ ಬಿಗಿಯುವವನೂ ನೀವೇ, ಗಾಳಿಯಲ್ಲಿ ಟಾರ್ಪ್ (ತಾಡಪಾಲು) ಎಳೆಯುವವನೂ ನೀವೇ. ಅದಕ್ಕೇ ಸರಕು ಯಾವುದು ಅನ್ನುವುದರ ಮೇಲೆ ನಿಮ್ಮ ಇಡೀ ವಾರ ನಿಂತಿದೆ.

ಇಂಡಿಯಾನಾದ ಗ್ಯಾರಿ, ಬರ್ನ್ಸ್ ಹಾರ್ಬರ್ ಕಡೆಯ ಸ್ಟೀಲ್ ಅಂದರೆ ಚೈನ್, ಅದನ್ನು ಬಿಗಿಯುವ ಬೈಂಡರ್ ಮತ್ತು ಚಿಕ್ಕ ಸ್ಟೀಲ್ ಟಾರ್ಪ್. ಒಂದೇ ಕಾಯಿಲ್ 40,000 ಪೌಂಡ್ ದಾಟಬಹುದು, ಆದರೆ ಮುಚ್ಚುವುದು ಬೇಗ ಮುಗಿಯುತ್ತದೆ. ಆರೆಗನ್, ವಾಷಿಂಗ್ಟನ್ ಕಡೆಯ ಮರದ ಲೋಡ್ ಅಂದರೆ ಸ್ಟ್ರಾಪ್ (ಬಿಗಿಯುವ ಅಗಲ ಪಟ್ಟಿ) ಮತ್ತು ಲಂಬರ್ ಟಾರ್ಪ್. ಎರಡೂ ಬದಿ 8 ಅಡಿ ಇಳಿಬೀಳುವ ಟಾರ್ಪ್ ಅದು, ನೆನೆದರೆ ಒಬ್ಬನೇ ಎತ್ತುವುದು ಕಷ್ಟ. ಡ್ರೈವಾಲ್‌ಗೆ (ಗೋಡೆಗೆ ಹಾಕುವ ಜಿಪ್ಸಮ್ ಹಲಗೆಗೆ) ಒಂದು ಹನಿ ನೀರೂ ತಾಗಬಾರದು. ಪೈಪ್, ಯಂತ್ರಗಳಿಗೆ ಎಷ್ಟೋ ಸಲ ಟಾರ್ಪ್ ಬೇಕಾಗುವುದೇ ಇಲ್ಲ. ಚಳಿಗಾಲದಲ್ಲಿ ಮನೆ ಕಟ್ಟುವ ಸಾಮಾನಿನ ಲೋಡ್ ಕಡಿಮೆಯಾಗುತ್ತದೆ. ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ಏನು ಎಳೆಯುತ್ತೀರಿ ಅಂತಲೂ ಕೇಳಿ.

ವಾರಾಂತ್ಯಕ್ಕೆ ಮನೆ ಅನ್ನುವ ಮಾತೂ ಇದಕ್ಕೇ ತಗುಲಿಕೊಂಡಿದೆ. ನಿಮ್ಮ ಮನೆ ಹತ್ತಿರ ಕಂಪನಿಯ ಗ್ರಾಹಕರಿದ್ದರೆ ಮನೆಗೆ ಬರುತ್ತೀರಿ, ಇಲ್ಲದಿದ್ದರೆ ಲೋಡ್ ಹಂಚುವ ಯಾವ ಡಿಸ್ಪ್ಯಾಚರ್ ಬಂದರೂ ಕರೆತರಲಾರ. "ನನ್ನ ಪಿನ್ ಕೋಡ್‌ನಿಂದ 50 ಮೈಲಿ ಒಳಗೆ ನಿಮಗೆ ಎಲ್ಲೆಲ್ಲಿ ಲೋಡ್ ಸಿಗುತ್ತದೆ?" ಅಂತ ಕೇಳಿ. ಈ ಪ್ರಶ್ನೆಗೆ ಊರಿನ ಹೆಸರು ಬರಬೇಕು. "ಎಲ್ಲಾ ಕಡೆ ಇದೆ" ಅಂದರೆ ಸುಮ್ನೆ ಹೇಳುತ್ತಿದ್ದಾರೆ ಅಂತಲೇ ಅರ್ಥ.

ಹೊಸಬರನ್ನು ತೆಗೆದುಕೊಂಡು ಕಟ್ಟುವುದನ್ನು ಕಲಿಸುವ ದೊಡ್ಡ ಕಂಪನಿಗಳು ಕೆಲವೇ. ಐಯೊವಾದ ಡೆ ಮೊಯ್ನ್‌ನ ಟಿಎಂಸಿ, ಆರ್ಕನ್ಸಾದ ನಾರ್ತ್ ಲಿಟಲ್ ರಾಕ್‌ನ ಮ್ಯಾವರಿಕ್, ಓಕ್ಲಹೋಮಾದ ಟಲ್ಸಾದ ಮೆಲ್ಟನ್, ಮಿಸ್ಸೂರಿಯ ಸ್ಪ್ರಿಂಗ್‌ಫೀಲ್ಡ್‌ನ ಪ್ರೈಮ್‌ನ ಫ್ಲಾಟ್‌ಬೆಡ್ ವಿಭಾಗ, ಹೀಗೆ. ಟಿಎಂಸಿ ಉದ್ಯೋಗಿಗಳೇ ಪಾಲುದಾರರಾದ ಕಂಪನಿ. ಸಣ್ಣ ಕಂಪನಿಗಳು ಒಂದೆರಡು ವರ್ಷದ ಅನುಭವ ಕೇಳುವುದು ಸಾಮಾನ್ಯ, ಅವರ ಇನ್ಶೂರೆನ್ಸ್ ಹಾಗೆ. ಇವುಗಳ ಸಂಬಳ, ನಿಯಮ ಆಗಾಗ ಬದಲಾಗುತ್ತವೆ. ಹಾಗಾಗಿ ಯಾರು ಒಳ್ಳೆಯವರು ಅಂತ ನಾನು ಪಟ್ಟಿ ಕೊಡುವುದಿಲ್ಲ, ಅಳೆಯುವುದು ಹೇಗೆ ಅಂತ ಹೇಳುತ್ತೇನೆ.

ಸಂಬಳವನ್ನು ಮೈಲಿಯಲ್ಲಿ ಅಳೆಯಬೇಡಿ, ವಾರದಲ್ಲಿ ಅಳೆಯಿರಿ. ಒಂದು ಕಂಪನಿ ಮೈಲಿಗೆ 62 ಸೆಂಟ್ ಕೊಡುತ್ತದೆ, ಟಾರ್ಪ್‌ಗೆ ಏನೂ ಇಲ್ಲ ಅಂದುಕೊಳ್ಳಿ. 2,000 ಮೈಲಿಗೆ 1,240 ಡಾಲರ್. ಇನ್ನೊಂದು 55 ಸೆಂಟ್ ಕೊಡುತ್ತದೆ, ಪ್ರತಿ ಟಾರ್ಪ್‌ಗೆ 50 ಡಾಲರ್, ಕಾಯಿಸಿದರೆ ಗಂಟೆಗೆ 15. ಅದೇ 2,000 ಮೈಲಿಗೆ 1,100, ಮೂರು ಟಾರ್ಪ್‌ಗೆ 150, ಆರು ಗಂಟೆ ಕಾದದ್ದಕ್ಕೆ 90. ಒಟ್ಟು 1,340. ಕಡಿಮೆ ಸೆಂಟ್ ಕೊಟ್ಟ ಕಂಪನಿಯೇ ಜಾಸ್ತಿ ಕೊಟ್ಟಿತು, ಅಲ್ವಾ? ನೆನಪಿಡಿ, ಕಾನೂನು ಪ್ರಕಾರ ಸ್ಟೀರಿಂಗ್ ಹಿಡಿಯುವುದು 11 ಗಂಟೆ, ಅದೂ ಕೆಲಸ ಶುರುವಾದ 14 ಗಂಟೆಯ ಒಳಗೆ. ಟಾರ್ಪ್ ಹಾಕುವುದು, ಕ್ರೇನ್‌ಗಾಗಿ ಕಾಯುವುದು ಸಾಮಾನ್ಯವಾಗಿ ಆ 14ನ್ನೇ ತಿನ್ನುತ್ತವೆ.

ಕೆಲವರು ಮೈಲಿ ಬಿಟ್ಟು ಲೋಡಿನ ಬಾಡಿಗೆಯಲ್ಲಿ ಪರ್ಸೆಂಟೇಜ್ ಕೊಡುತ್ತಾರೆ. 300 ಮೈಲಿಯ ಲೋಡಿಗೆ 1,200 ಡಾಲರ್ ಬಾಡಿಗೆ ಇದ್ದರೆ 26 ಪರ್ಸೆಂಟ್ ಅಂದರೆ 312. ಮೈಲಿಗೆ 55 ಸೆಂಟ್ ಆದರೆ ಬರೀ 165. ಅದೇ 1,200 ಮೈಲಿಯ ಲೋಡು 1,800ಕ್ಕೆ ಹೋದರೆ ಪರ್ಸೆಂಟೇಜ್‌ನವನಿಗೆ 468, ಮೈಲಿಯವನಿಗೆ 660. ಹತ್ತಿರದ ಸ್ಟೀಲ್ ಲೋಡುಗಳಿಗೆ ಪರ್ಸೆಂಟೇಜ್ ಒಳ್ಳೆಯದು ಅಂತ ನನ್ನ ಅನಿಸಿಕೆ. ಆದರೆ ಬಾಡಿಗೆಯ ಕಾಗದ ನಿಮಗೆ ತೋರಿಸುತ್ತಾರಾ ಅಂತ ಮೊದಲೇ ಕೇಳಿ. ತೋರಿಸದಿದ್ದರೆ ಯಾವುದರ ಪರ್ಸೆಂಟ್ ಅಂತ ನಿಮಗೆ ಗೊತ್ತಾಗುವುದು ಹೇಗೆ? ವಾರಕ್ಕೆ ಇಷ್ಟು ಗ್ಯಾರಂಟಿ ಅಂದರೆ, ಒಂದು ದಿನ ರಜೆ ತೆಗೆದುಕೊಂಡರೂ ಅದು ಉಳಿಯುತ್ತದಾ ಅನ್ನುವುದೂ ಕೇಳಬೇಕಾದ್ದೇ.

ಇನ್ನು ರಿಕ್ರೂಟರ್‌ನನ್ನು ಕೇಳದೆಯೇ ತಿಳಿಯಬಹುದಾದ್ದು. ಟ್ರಕ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಂಸಿಎಸ್‌ಎಯ ಸೇಫರ್ ವೆಬ್ ಪುಟದಲ್ಲಿ ಕಂಪನಿಯ ಹೆಸರೋ ಅದರ ನೋಂದಣಿಯ ಡಿಒಟಿ ನಂಬರೋ ಹಾಕಿ. ದುಡ್ಡು ಕೊಡಬೇಕಿಲ್ಲ. ಎಷ್ಟು ಟ್ರಕ್, ಎಷ್ಟು ಡ್ರೈವರ್, ಎರಡು ವರ್ಷದಲ್ಲಿ ತಪಾಸಣೆಯಾದಾಗ ಎಷ್ಟು ಪರ್ಸೆಂಟ್ ಗಾಡಿಗಳನ್ನು ರಸ್ತೆಯಲ್ಲೇ ನಿಲ್ಲಿಸಿದರು, ಎಲ್ಲಾ ಇದೆ. ಪಕ್ಕದಲ್ಲೇ ದೇಶದ ಸರಾಸರಿಯೂ ಇರುತ್ತದೆ. ಅಪಘಾತದ ಸಂಖ್ಯೆ ನೋಡಿ ಹೆದರಬೇಡಿ. ತಪ್ಪು ಯಾರದ್ದಾದರೂ ಅದರಲ್ಲಿ ಸೇರಿರುತ್ತದೆ, ದೊಡ್ಡ ಕಂಪನಿಗೆ ಜಾಸ್ತಿಯೇ ಇರುತ್ತದೆ. ಟ್ರಕ್‌ಗಳ ಸಂಖ್ಯೆಯಿಂದ ಭಾಗಿಸಿ ನೋಡಿ.

ಅಲ್ಲಿಂದ ಎಸ್‌ಎಂಎಸ್ (ಕಂಪನಿಗಳ ಸುರಕ್ಷತೆ ಅಳೆಯುವ ವ್ಯವಸ್ಥೆ) ಪುಟಕ್ಕೆ ಹೋದರೆ ನಿಯಮ ಮೀರಿದ ಒಂದೊಂದು ಕೇಸಿನ ಕೋಡ್ ಸಿಗುತ್ತದೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. 393.104 ಅಂದರೆ ಸವೆದ, ಹರಿದ ಸ್ಟ್ರಾಪ್, ಚೈನ್‌ಗಳಿಗೂ ಸಂಬಂಧಿಸಿದ ನಿಯಮ. 393.110 ಅಂದರೆ ಬೇಕಾದಷ್ಟು ಕಟ್ಟು ಇಲ್ಲ. ಮೊದಲಿನದು ಸಾಲಾಗಿ ಕಂಡರೆ ಆ ಕಂಪನಿ ಹಳೇ ಸಾಮಾನು ಬದಲಿಸಲು ಕೈ ಬಿಗಿ ಹಿಡಿದಿದೆ ಅಂತ ಅನುಮಾನ ಪಡಬೇಕು. ಎರಡನೆಯದು ಸಾಲಾಗಿ ಕಂಡರೆ ತರಬೇತಿ ಸಾಲುತ್ತಿಲ್ಲ ಅಂತ. ಸ್ಟ್ರಾಪ್ ಹರಿದರೆ ಹೊಸದಕ್ಕೆ ದುಡ್ಡು ಯಾರದು ಅಂತ ಫೋನಿನಲ್ಲೂ ಕೇಳಿ. ಟಾರ್ಪ್ ಹರಿದರೂ ಅಷ್ಟೇ. ನನ್ನ ಮೊದಲ ಕಂಪನಿಯಲ್ಲಿ ಅದನ್ನು ನನ್ನ ಸಂಬಳದಲ್ಲೇ ಹಿಡಿದರು.

ತರಬೇತಿ ವಿಚಾರದಲ್ಲಿ ಎಷ್ಟು ವಾರ ಅನ್ನುವುದಕ್ಕಿಂತ ಏನು ಕಟ್ಟಿಸುತ್ತಾರೆ ಅನ್ನುವುದು ಮುಖ್ಯ. ಅಂಗಳದಲ್ಲಿ ನಿಜವಾದ ಕಾಯಿಲ್ ಇಟ್ಟು ಚೈನ್ ಹಾಕಿಸುತ್ತಾರಾ? ಕಟ್ಟುಗಳ ಒಟ್ಟು ಸಾಮರ್ಥ್ಯ ಸರಕಿನ ಅರ್ಧ ತೂಕಕ್ಕಾದರೂ ಇರಬೇಕು ಅನ್ನುವ ಲೆಕ್ಕವನ್ನು ನಿಮ್ಮ ಕೈಲೇ ಮಾಡಿಸುತ್ತಾರಾ? ಅಂದರೆ 5,400 ಪೌಂಡ್ ತಡೆಯುವ ಸ್ಟ್ರಾಪ್ ಎಷ್ಟು ಬೇಕು, 6,600 ಪೌಂಡ್ ತಡೆಯುವ ಚೈನ್ ಎಷ್ಟು ಬೇಕು ಅಂತ. ಟ್ರೇಲರ್ ಮೇಲಿಂದ ಬೀಳದ ಹಾಗೆ ಬೆಲ್ಟ್ ಕಟ್ಟಿಕೊಂಡು ಟಾರ್ಪ್ ಹಾಕುವ ಜಾಗ ಟರ್ಮಿನಲ್‌ನಲ್ಲಿ ಇದೆಯಾ? ಹೊರಟ 50 ಮೈಲಿ ಒಳಗೆ ನಿಲ್ಲಿಸಿ ಕಟ್ಟು ನೋಡಬೇಕು ಅಂತ ಕಾನೂನಿದೆ. ಅದಕ್ಕೆ ನಿಂತಾಗ ಡಿಸ್ಪ್ಯಾಚರ್ ಏನು ಅನ್ನುತ್ತಾನೆ ಅನ್ನುವುದನ್ನು ಅಲ್ಲಿನ ಡ್ರೈವರ್‌ಗಳನ್ನೇ ಕೇಳಿ. ಟ್ರಕ್ ಸ್ಟಾಪ್‌ನಲ್ಲಿ ಆ ಕಂಪನಿಯ ಗಾಡಿ ಕಂಡರೆ ಸಾಕು, ಟಾರ್ಪ್ ಮಡಚಲು ಒಂದು ಕೈ ಕೊಟ್ಟರೆ ಎಲ್ಲಾ ಹೇಳುತ್ತಾರೆ.

ಕೊನೆಗೆ ಕಾಗದ. ಸಿಡಿಎಲ್ ಶಾಲೆಯ ಫೀಸ್ ಕಂಪನಿ ಕಟ್ಟಿದ್ದರೆ ಎಷ್ಟು ತಿಂಗಳು ಇರಬೇಕು, ಮಧ್ಯೆ ಬಿಟ್ಟರೆ ಪೂರ್ತಿ ಕೊಡಬೇಕಾ ಅಥವಾ ತಿಂಗಳಿಗಿಷ್ಟು ಕಳೆದು ಉಳಿದದ್ದಾ, ಅವರೇ ಕೆಲಸದಿಂದ ತೆಗೆದರೆ ಏನು, ಇವು ಮೂರೂ ಬರವಣಿಗೆಯಲ್ಲಿ ಇರಬೇಕು. ಕಂಪನಿಯಿಂದಲೇ ಟ್ರಕ್ ಬಾಡಿಗೆಗೆ ಪಡೆದು ಕಂತು ಕಟ್ಟುತ್ತಾ ಕೊಳ್ಳುವ ಲೀಸ್-ಪರ್ಚೇಸ್ ಬಗ್ಗೆ ಮೊದಲ ವರ್ಷ ಮಾತೇ ಎತ್ತಬೇಡಿ. ಅಂಥ ಒಪ್ಪಂದಗಳನ್ನು ನಿಷೇಧಿಸಬೇಕು ಅಂತ ಸರ್ಕಾರ ನೇಮಿಸಿದ ತಂಡವೇ 2025ರಲ್ಲಿ ಶಿಫಾರಸು ಮಾಡಿದೆ. ಓರಿಯೆಂಟೇಶನ್‌ಗೆ (ಸೇರುವಾಗಿನ ಮೊದಲ ತರಗತಿಗಳಿಗೆ) ಬಸ್ ಟಿಕೆಟ್ ಕಳಿಸಬಹುದು, ವಾಪಸ್ ಬರಲು ಕಳಿಸದೆಯೂ ಇರಬಹುದು. ಫೋನಿನಲ್ಲಿ ಹೇಳಿದ್ದೆಲ್ಲ ಇಮೇಲ್‌ನಲ್ಲಿ ತರಿಸಿಕೊಳ್ಳಿ, ವಾಪಸ್ ಟಿಕೆಟ್ಟಿನ ದುಡ್ಡು ಜೇಬಲ್ಲಿಟ್ಟುಕೊಂಡೇ ಬಸ್ ಹತ್ತಿ.