ಕೊರಿಯನ್ನಿನ ‘ಬೇಡ’ ಮತ್ತು ‘ಬಾರದು’: ನಾನು ಕಲಿತ ಬಗೆ

ಕೊರಿಯನ್ ವ್ಯಾಕರಣದ ನಿಷೇಧಾರ್ಥಕ ರೂಪಗಳನ್ನು ನಾನು ಇಂಗ್ಲಿಷ್ ವಿವರಣೆಗಳನ್ನು ಬದಿಗಿಟ್ಟು ಕನ್ನಡದ ಮೂಲಕವೇ ಅಭ್ಯಾಸ ಮಾಡಿದೆ. ಹೇಳಿಕೆಯಲ್ಲಿ ‘ಹೋಗುವುದಿಲ್ಲ’, ಆಜ್ಞೆಯಲ್ಲಿ ‘ಹೋಗಬೇಡಿ’ ಎಂದು ನಾವು ನಿಷೇಧಪದವನ್ನೇ ಬದಲಿಸುವಂತೆ ಕೊರಿಯನ್ನರೂ ಬದಲಿಸುತ್ತಾರೆ: ‘ಕಾಜಿ ಆನಾಯೊ’ ಎಂದರೆ ಹೋಗುವುದಿಲ್ಲ, ‘ಕಾಜಿ ಮಾಸೆಯೊ’ ಎಂದರೆ ಹೋಗಬೇಡಿ. ಧಾತುವಿಗೆ ‘ಜಿ’ ಸೇರಿಸಿ ಮುಂದೆ ‘ಮಾಲ್ದಾ’ ಕ್ರಿಯಾಪದದ ರೂಪವನ್ನಿಟ್ಟರೆ ಆಜ್ಞೆಯ ನಿಷೇಧ ಸಿದ್ಧವಾಗುತ್ತದೆ. ‘ನಾವು ಹೋಗುವುದು ಬೇಡ’ ಎನ್ನಲು ನಾವು ‘ಬೇಡ’ವನ್ನೇ ಬಳಸುವ ಹಾಗೆ, ಅಲ್ಲಿಯೂ ಅದೇ ಮಾಲ್ದಾ ‘ಕಾಜಿ ಮಾಲ್ಜಾ’ ಎಂದು ಬರುತ್ತದೆ. ಆದರೆ ‘ನನಗೆ ಕಾಫಿ ಬೇಡ’ ಎಂಬಲ್ಲಿನ ಬೇಡಕ್ಕೆ ಮಾಲ್ದಾ ಸಲ್ಲುವುದಿಲ್ಲ. ಈ ಗಡಿಯನ್ನು ಕನ್ನಡಿಗರು ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು.

ಗೌರವದ ಮೆಟ್ಟಿಲುಗಳು ಇಲ್ಲಿ ಬಹಳ ಮುಖ್ಯ. ಆಪ್ತರಿಗೆ ‘ಕಾಜಿ ಮಾ’, ಸಾಮಾನ್ಯ ಗೌರವಕ್ಕೆ ‘ಮಾಸೆಯೊ’, ಔಪಚಾರಿಕ ಸಂದರ್ಭಕ್ಕೆ ‘ಮಾಶಿಪ್‌ಶಿಯೊ’. ಹುರಿದ ಕಡಲಪಾಚಿಯ ಪೊಟ್ಟಣದೊಳಗೆ ತೇವ ಹೀರಲು ಇಡುವ ಪುಟ್ಟ ಚೀಲದ ಮೇಲೆ ‘ಮೊಕ್‌ಚಿ ಮಾಶಿಯೊ’, ಅಂದರೆ ‘ತಿನ್ನಬೇಡಿ’, ಎಂದು ಓದಿದಾಗ ‘ಮಾಶಿಯೊ’ ಎಂಬುದು ಮಾತಿಗಿಂತ ಸೂಚನಾಬರಹಗಳಿಗೆ ಸೇರಿದ ರೂಪವೆಂದು ಮನದಟ್ಟಾಯಿತು. ಮಾಲ್ದಾದ ಇನ್ನೊಂದು ಗೌರವರೂಪವಾಗಿ ಹಿಂದೆ ‘ಮಾಯೊ’ (ಬೇಡಿ) ಮಾತ್ರ ಶಿಷ್ಟವೆನಿಸಿತ್ತು. ಜನರ ಬಾಯಲ್ಲಿದ್ದ ‘ಮಾರಾಯೊ’ ರೂಪಕ್ಕೂ ರಾಷ್ಟ್ರೀಯ ಕೊರಿಯನ್ ಭಾಷಾ ಸಂಸ್ಥೆ 2015ರ ಡಿಸೆಂಬರಿನಲ್ಲಿ ಮನ್ನಣೆ ನೀಡಿತು.

ನನಗೆ ಅತ್ಯಂತ ಪ್ರಿಯವಾದುದು ‘ಬಾರದು’ ಎಂಬರ್ಥದ ರಚನೆ. ವಸ್ತುಸಂಗ್ರಹಾಲಯದಲ್ಲಿ ‘ಸಾಜಿನ್ ಚಿಗೊದೊ ದ್ವೆಯೊ?’ ಎಂದು ಕೇಳಿದರೆ ‘ಫೋಟೊ ತೆಗೆದರೂ ಆಗುತ್ತದೆಯೇ?’ ಎಂದರ್ಥ, ‘ಚಿಗುಶಿಮ್ಯೊನ್ ಆನ್ ದ್ವೆಯೊ’ ಎಂಬ ಉತ್ತರಕ್ಕೆ ‘ತಾವು ತೆಗೆದರೆ ಆಗುವುದಿಲ್ಲ’ ಎಂದರ್ಥ. ನಮ್ಮ ‘ತೆಗೆದರೂ’, ‘ತೆಗೆದರೆ’ ಎಂಬ ಜೋಡಿಯೇ ಅನುಮತಿ ಮತ್ತು ನಿಷೇಧಗಳೆರಡನ್ನೂ ಕಲಿಸಿಕೊಡುತ್ತದೆ. ನಡುವಿನ ‘ಶಿ’ ಗೌರವಸೂಚಕ. ‘ಮಾಸೆಯೊ’ ಎಂಬುದು ಎದುರಿಗಿರುವವರಿಗೆ ನಾನೇ ಮಾಡುವ ಕೋರಿಕೆಯಾದರೆ, ‘ಆನ್ ದ್ವೆಯೊ’ ನಿಯಮವನ್ನು ತಿಳಿಸುತ್ತದೆ; ಆದ್ದರಿಂದಲೇ ಅದನ್ನು ಪ್ರಶ್ನೆಯಾಗಿಸಬಹುದು, ಮೂರನೆಯವರ ಕುರಿತೂ ಹೇಳಬಹುದು. ಅಪರಿಚಿತರೊಡನೆ ‘ಶಿ’ ಸೇರಿದ ಈ ರೂಪವೇ ಹೆಚ್ಚು ಮೃದುವೆಂದು ನನ್ನ ಅಭಿಪ್ರಾಯ.

ಫಲಕಗಳಲ್ಲಿ ಕ್ರಿಯಾಪದವೇ ಇಲ್ಲದೆ, ಚೀನೀ ಮೂಲದ ‘ಕುಮ್‌ಜಿ’ ಎಂಬ ನಾಮಪದ ಬರುತ್ತದೆ. ‘ಚುರಿಪ್ ಕುಮ್‌ಜಿ’ಯನ್ನು ನಮ್ಮ ‘ಪ್ರವೇಶ ನಿಷೇಧ’ದಂತೆಯೇ ಓದಬಹುದು. ಇಂಥ ಫಲಕದ ಚಿತ್ರ ಸಿಕ್ಕಾಗಲೆಲ್ಲ ನಾನು ಅದನ್ನು ಮೊದಲು ‘ತುರೊಗಾಮ್ಯೊನ್ ಆನ್ ದ್ವೆಯೊ’ (ಒಳಗೆ ಹೋಗಬಾರದು) ಎಂದೂ ಬಳಿಕ ‘ತುರೊಗಾಜಿ ಮಾಸೆಯೊ’ (ಒಳಗೆ ಹೋಗಬೇಡಿ) ಎಂದೂ ಬಾಯಿಬಿಟ್ಟು ಹೇಳಿ, ಬರೆದು ಅಭ್ಯಾಸ ಮಾಡುತ್ತೇನೆ.