ಕೋಣೆಯೊಳಗಿನ ಹೊತ್ತನ್ನು ಕಥೆಗೆ ತರುವುದು ಹೇಗೆ?

ಕಥೆ ಬರೆಯುವ ಮುಂಚೆ, ಅದು ನಡೆಯುವಂಥದ್ದೇ ಒಂದು ಕೋಣೆಯಲ್ಲಿ ಹೋಗಿ ಕೂರುತ್ತೇನೆ. ಕೈಯಲ್ಲಿ ಒಂದು ಚೂರು ಸೀಮೆಸುಣ್ಣ ಇರುತ್ತದೆ. ನೀವೂ ಮಾಡಿ ನೋಡಿ.

ಕಿಟಕಿಯಿಂದ ನೆಲಕ್ಕೆ ಬಿದ್ದ ಬಿಸಿಲಿನ ಅಂಚಿಗೆ ಒಂದು ಗೆರೆ ಎಳೆಯಿರಿ. 15 ನಿಮಿಷ ಬಿಟ್ಟು ಇನ್ನೊಂದು. ಸೂರ್ಯ ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತಾನೆ. ಬಿಸಿಲು ಕಿಟಕಿಯಿಂದ 3 ಮೀಟರ್ ದೂರ ಬಿದ್ದಿದ್ದರೆ ಎರಡು ಗೆರೆಗಳ ನಡುವೆ ಹೆಚ್ಚುಕಮ್ಮಿ ಒಂದು ಗೇಣು ಜಾಗ ಸಿಗುತ್ತದೆ. ನೋಡುತ್ತಾ ಕೂತರೆ ಅಂಚು ಅಲ್ಲಾಡುವುದೇ ಇಲ್ಲ. ಬೇರೆ ಕಡೆ ತಿರುಗಿ ಮತ್ತೆ ನೋಡಿದರೆ ಗೆರೆ ದಾಟಿಬಿಟ್ಟಿರುತ್ತದೆ! ಕಾಯುವುದು ಅಂದರೆ ಹೀಗೇ ಅಲ್ವಾ? ಹಾಗಾಗಿ 'ಎರಡು ಗಂಟೆ ಕಾದಳು' ಅಂತ ಸುಮ್ನೆ ಬರೆಯಬೇಡಿ. ಕೂತಾಗ ಹೊಸಿಲ ಹತ್ತಿರ ಇದ್ದ ಬಿಸಿಲು, ಎದ್ದಾಗ ಮಂಚದ ಕಾಲು ಮುಟ್ಟಿರಲಿ.

ಇಟಲಿಯ ಬೊಲೋನ್ಯಾದ ಸಾನ್ ಪೆಟ್ರೋನಿಯೋ ಚರ್ಚಿನ ನೆಲದ ಮೇಲೂ ಇಂಥದ್ದೊಂದು ಗೆರೆ ಇದೆ. 1655ರಲ್ಲಿ ಖಗೋಳ ವಿಜ್ಞಾನಿ ಕ್ಯಾಸಿನಿ ಹಾಕಿಸಿದ್ದು, ಸುಮಾರು 67 ಮೀಟರ್ ಉದ್ದ. ಮೇಲಿನ ಸಣ್ಣ ತೂತಿನಿಂದ ಇಳಿಯುವ ಬಿಸಿಲು ನಡುಹಗಲಿಗೆ ಆ ಗೆರೆ ದಾಟುತ್ತದೆ. ಬೇಸಿಗೆಯಲ್ಲಿ ಒಂದು ತುದಿಯ ಹತ್ತಿರ, ಚಳಿಗಾಲದಲ್ಲಿ ಇನ್ನೊಂದು ತುದಿಯ ಹತ್ತಿರ. ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರೆ ಅರ್ಧ ವರ್ಷ ನಡೆದ ಹಾಗೆ. ನನಗೆ ಇದು ತುಂಬಾ ಇಷ್ಟ.

ಆಮೇಲೆ ಎದ್ದು ಓಡಾಡಿ. ಕಾಲು ತಾನಾಗಿ ಎಲ್ಲಿ ನಿಂತಿತು, ಎಲ್ಲಿ ಸರಸರ ಹೋಯಿತು ಅಂತ ಗುರುತು ಹಾಕಿಕೊಳ್ಳಿ. ಪ್ಯಾರಿಸ್ ಹತ್ತಿರದ ವಿಲ್ಲಾ ಸವೊಯ್ ಮನೆಯಲ್ಲಿ (1931ರಲ್ಲಿ ಮುಗಿದದ್ದು) ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಮೇಲೆ ಹೋಗಲು ಇಳಿಜಾರು ದಾರಿಯನ್ನೂ ಇಟ್ಟರು, ಸುತ್ತು ಮೆಟ್ಟಿಲನ್ನೂ ಇಟ್ಟರು. ಸೇರುವ ಜಾಗ ಒಂದೇ, ಹಿಡಿಯುವ ಹೊತ್ತು ಬೇರೆ. ಕಥೆಯಲ್ಲೂ ಓದುಗರು ನೋಡುತ್ತಾ ಹೋಗಬೇಕಾದ ಕಡೆ ಇಳಿಜಾರು ಕೊಡಿ. ಉಳಿದ ಕಡೆ ಮೆಟ್ಟಿಲು ಸಾಕು.

ಒಮ್ಮೆ ನಾನು ಇದನ್ನು ತಿರುವುಮುರುವು ಮಾಡಿದ್ದೆ. ಹತ್ತು ವರ್ಷದ ನಂತರ ಮನೆಗೆ ಬರುವವನ ಪ್ರಯಾಣಕ್ಕೆ ಎರಡು ಪುಟ, ಬಾಗಿಲಿಗೆ ಒಂದೇ ಸಾಲು. ತಿದ್ದಿದಾಗ ಪ್ರಯಾಣ ಒಂದು ಸಾಲಿಗೆ ಇಳಿಯಿತು. ಈಗ ಅವನು ಕತ್ತಲಲ್ಲಿ ಬಾಗಿಲ ಮುಂದೆ ನಿಂತಿದ್ದಾನೆ. ಕೈ ಹಳೇ ಜಾಗದಲ್ಲೇ ಚಿಲಕ ಹುಡುಕುತ್ತದೆ. ಅಲ್ಲಿ ಬೆರಳಿಗೆ ಸಿಗುವುದು ಮೊಳೆ ಕಿತ್ತ ಎರಡು ತೂತು. ಚಿಲಕ ಒಂದು ಗೇಣು ಮೇಲಿದೆ.