ಗಾಳಿ ನೋಡಿ ಸಾಮಾನು ತನ್ನಿ: ನಾಕ್ಸೊಸ್ ದ್ವೀಪಕ್ಕೆ ಬರುವ ಹೊಸಬರಿಗೆ

ಗ್ರೀಸಿನ ದ್ವೀಪದಲ್ಲಿ ಮನೆ ಮಾಡಬೇಕು ಅಂತ ಬರುವವರು ಸಾಮಾನ್ಯವಾಗಿ ಜೂನ್‌ನಲ್ಲಿ ಬಂದು ಮನೆ ನೋಡುತ್ತಾರೆ. ಬಿಳಿ ಗೋಡೆ, ಕಾಗದದ ಹೂವಿನ ಬಳ್ಳಿ, ಎದುರಿಗೇ ಸಮುದ್ರ. ಆಗ ಯಾವ ಮನೆಯಾದರೂ ಚೆನ್ನಾಗಿಯೇ ಕಾಣುತ್ತದೆ. ನನ್ನ ಮಾತು ಕೇಳುವುದಾದರೆ ಫೆಬ್ರವರಿಯಲ್ಲಿ ಬನ್ನಿ. ಯಾವ ಗೋಡೆ ಬೆವರುತ್ತದೆ, ಯಾವ ಕಿಟಕಿಯ ಸಂದಿಯಲ್ಲಿ ಗಾಳಿ ಶಿಳ್ಳೆ ಹಾಕುತ್ತದೆ, ಯಾವ ಕೋಣೆಗೆ ಬಿಸಿಲೇ ಬೀಳುವುದಿಲ್ಲ ಎಲ್ಲವೂ ತಾನಾಗಿ ಗೊತ್ತಾಗುತ್ತದೆ. ಕರಾರು ಬರಹದಲ್ಲೇ ಆಗಬೇಕು. ವಾಸದ ಮನೆಯ ಬಾಡಿಗೆಗೆ ಇಲ್ಲಿನ ಕಾನೂನು ಕನಿಷ್ಠ 3 ವರ್ಷ ಕೊಡುತ್ತದೆ. ಆದರೂ ಮೇ ಬಂತೆಂದರೆ ಮನೆ ಖಾಲಿ ಮಾಡಿಸಿ ಪ್ರವಾಸಿಗರಿಗೆ ಕೊಡುವ ಆಸೆ ಮಾಲೀಕರಿಗೆ ಹುಟ್ಟುತ್ತದೆ. ದ್ವೀಪಕ್ಕೆ ವರ್ಗವಾಗಿ ಬರುವ ಮೇಷ್ಟ್ರು, ಡಾಕ್ಟರುಗಳಿಗೇ ಮನೆ ಸಿಗದೆ ಪರದಾಟ. ಕರಾರು ತೆರಿಗೆ ಇಲಾಖೆಯ ಆನ್‌ಲೈನ್ ಲೆಕ್ಕದಲ್ಲಿ ದಾಖಲಾಗಿದೆಯಾ ಅಂತ ನೋಡಿಕೊಂಡೇ ಹಣ ಕೊಡಿ.

ಇನ್ನು ಗಾಳಿ. ಇಲ್ಲಿ ಮನೆಯ ಯಜಮಾನಿಕೆ ಅದರದ್ದೇ. ಅಂಗಡಿಯ ಬಹುತೇಕ ಸಾಮಾನು ಅಥೆನ್ಸಿನ ಪಕ್ಕದ ಪಿರೇಯಸ್ ಬಂದರಿನಿಂದ ಹಡಗಿನಲ್ಲಿ ಬರಬೇಕು. ದೊಡ್ಡ ಹಡಗಿಗೆ ಅದು ಐದು ಗಂಟೆಗೂ ಮೀರಿದ ದಾರಿ. ಗಾಳಿಯ ಬಿರುಸು ಹೇಳುವ ಬೊಫೋರ್ಟ್ ಅಳತೆ 8–9ಕ್ಕೆ ಏರಿದರೆ ಬಂದರಿನ ಅಧಿಕಾರಿಗಳು ಹಡಗು ಬಿಡುವುದಿಲ್ಲ. ಎರಡು ದಿನ ಹಡಗು ನಿಂತರೆ ಅಂಗಡಿಯಲ್ಲಿ ಟೊಮ್ಯಾಟೊ, ಬಾಳೆಹಣ್ಣಿನ ಬುಟ್ಟಿ ಖಾಲಿ. ಹಾಗಾಗಿ ಬೆಳಿಗ್ಗೆ ಕಾಫಿ ಕುಡಿಯುವಾಗಲೇ ಹವಾಮಾನ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬುಧವಾರಕ್ಕೆ 8 ಅಂತ ತೋರಿಸಿದರೆ ಸೋಮವಾರವೇ ತರಕಾರಿ, ಗ್ಯಾಸ್ ಸಿಲಿಂಡರ್, ಔಷಧಿ ತಂದಿಟ್ಟುಕೊಳ್ಳಿ. ಅಥೆನ್ಸಿನಲ್ಲಿ ವಿಮಾನ ಹಿಡಿಯುವುದಿದ್ದರೆ ಹಿಂದಿನ ದಿನವೇ ದ್ವೀಪ ಬಿಡಿ. ಬೆಂಗಳೂರಿಗೆ ಹೊರಡುವ ದಿನ ಬಂದರಿನ ಕಾಫಿ ಅಂಗಡಿಯಲ್ಲಿ ಕೂತು ಅಲೆ ಎಣಿಸುವ ಗತಿ ಯಾರಿಗೂ ಬೇಡ.

ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಬೇರೆಯೇ ಜಾತಿ. ಒಣ ಗಾಳಿ. ಪ್ಲಾಸ್ಟಿಕ್ ಕುರ್ಚಿ, ಒಣಹಾಕಿದ ಸೀರೆ ಎಲ್ಲ ಪಕ್ಕದ ಹಿತ್ತಲಿಗೆ ಹಾರುತ್ತವೆ. ಆದರೆ ಸಂಡಿಗೆ, ಹಪ್ಪಳಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಮೇಲೆ ಬಲೆ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಇಡಿ, ಸಂಜೆಯೊಳಗೆ ಗರಿಗರಿ. ವಸಂತದಲ್ಲಿ ದಕ್ಷಿಣದ ಗಾಳಿ ಬೀಸಿದ ದಿನ ಮಾತ್ರ ಏನೂ ಒಣಹಾಕಬೇಡಿ. ಆಫ್ರಿಕಾದ ಮರಳುಗಾಡಿನ ಕೆಂಪು ಧೂಳು ಬರುತ್ತದೆ. ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಬಿಳಿ ಪಂಚೆ ಕಾವಿ ಬಟ್ಟೆ ಆಗುತ್ತದೆ.

ಚಳಿಗಾಲದ ಶತ್ರು ಚಳಿಯಲ್ಲ, ತೇವ. ಹಳೆಯ ಕಲ್ಲಿನ ಮನೆಯಾಗಲಿ ಸಿಮೆಂಟಿನ ಮನೆಯಾಗಲಿ, ಬೇಸಿಗೆಗೆಂದೇ ಕಟ್ಟಿದ್ದು. ಸೋಫಾ ಆಮೇಲೆ ತಗೊಳ್ಳಿ, ಮೊದಲು ಗಾಳಿಯ ತೇವ ಹೀರುವ ಯಂತ್ರ ತಗೊಳ್ಳಿ. ಅದರ ತೊಟ್ಟಿಯಲ್ಲಿ ದಿನಾ ತುಂಬುವ ನೀರು ನೋಡಿದರೆ ನಿಮಗೇ ನಂಬಿಕೆ ಬರುವುದಿಲ್ಲ. ಬೀರುವನ್ನು ಗೋಡೆಗೆ ಒತ್ತಿ ಇಡಬೇಡಿ, ಕೈ ಹೋಗುವಷ್ಟು ಸಂದಿ ಬಿಡಿ. ರೇಷ್ಮೆ ಸೀರೆಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಿಸಿಲು ಬಂದ ದಿನ ನೆರಳಿನಲ್ಲಿ ಹರವಿ. ಸಾರಿನ ಪುಡಿ, ಹುಳಿಪುಡಿ ಎಲ್ಲ ಗಾಜಿನ ಬಾಟಲಿಗೇ ಹೋಗಬೇಕು. ಊರಿನಿಂದ ತಂದ ಪ್ಲಾಸ್ಟಿಕ್ ಕವರಿನಲ್ಲೇ ಬಿಟ್ಟರೆ ಜನವರಿಯೊಳಗೆ ಬೂಸ್ಟು. ಈಸ್ಟರ್‌ಗೆ ಮೊದಲು ಊರೆಲ್ಲ ಗೋಡೆಗೆ ಸುಣ್ಣ ಹೊಡೆಯುತ್ತದೆ. ನೀವೂ ಹೊಡೆಯಿರಿ. ಅಂದಕ್ಕೆ ಮಾತ್ರ ಅಲ್ಲ, ಬೂಸ್ಟಿಗೂ ಸುಣ್ಣ ಒಳ್ಳೆಯ ಮದ್ದು.

ನೀರಿನ ವಿಷಯದಲ್ಲಿ ಬೆಂಗಳೂರಿನವರಿಗೆ ನಾನು ಜಾಸ್ತಿ ಹೇಳಬೇಕಿಲ್ಲ. 2024ರ ಬೇಸಿಗೆಯಲ್ಲಿ ಇಲ್ಲಿನ ಜಲಾಶಯಗಳೇ ಬತ್ತಿದವು. ಆಲೂಗಡ್ಡೆ ಬೆಳೆಯುವವರ ಬಾವಿಗಳಿಗೆ ಸಮುದ್ರದ ಉಪ್ಪು ನೀರು ನುಗ್ಗಿತು. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳನ್ನು ತರಿಸಬೇಕಾಯಿತು. ಅಕ್ಕಿ ತೊಳೆದ ನೀರು ಗಿಡಕ್ಕೆ ಹೋಗಲಿ. ಗೀಸರಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟಿದರೆ ವಿನಿಗರ್ ಹಾಕಿ ರಾತ್ರಿ ಬಿಡಿ. ತಾರಸಿಯ ಸೋಲಾರ್ ಹೀಟರ್ ಮೋಡದ ದಿನ ಕೈಕೊಡುತ್ತದೆ. ಆಗ ಕರೆಂಟಿನ ಪೆಟ್ಟಿಗೆಯಲ್ಲಿರುವ ಹೀಟರ್ ಸ್ವಿಚ್ಚನ್ನು ಸ್ನಾನಕ್ಕೆ ಮೊದಲು ಹಾಕಿ, ನೀರು ಬಿಸಿಯಾದ ಮೇಲೆ ಆರಿಸಿ. ಇನ್ನೊಂದು, ಸಂಕೋಚ ಇಲ್ಲದೆ ಹೇಳುತ್ತೇನೆ. ಇಲ್ಲಿ ಚರಂಡಿ ಪೈಪುಗಳು ಬಹಳ ಸಣ್ಣವು. ಟಾಯ್ಲೆಟ್ ಪೇಪರ್ ಪಕ್ಕದ ಬುಟ್ಟಿಗೇ ಹಾಕಬೇಕು. ಮನೆಗೆ ಬಂದ ನೆಂಟರಿಗೂ ಮೊದಲ ದಿನವೇ ಹೇಳಿಬಿಡಿ.

ಅಡುಗೆಮನೆಗೆ ಬರೋಣ. ಇಲ್ಲಿ ಏನೂ ಸಿಗುವುದಿಲ್ಲ ಅಂತ ಅಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರವೆ ಎಲ್ಲ ಅಂಗಡಿಯಲ್ಲೂ ಉಂಟು. 'ಸಿಮಿಗ್ದಾಲಿ' ಅಂತ ಕೇಳಿ. ದಪ್ಪದ್ದು ಉಪ್ಪಿಟ್ಟಿಗೆ, ಸಣ್ಣದು ಕೇಸರಿಬಾತಿಗೆ. ಅವರೂ ಅದರಲ್ಲೇ ಸಿಹಿ ಮಾಡುತ್ತಾರೆ. ಒಂದು ಲೋಟ ಆಲಿವ್ ಎಣ್ಣೆ, ಎರಡು ರವೆ, ಮೂರು ಸಕ್ಕರೆ, ನಾಲ್ಕು ನೀರು ಅನ್ನುವುದು ಲೆಕ್ಕ. ತುಪ್ಪ ಇಲ್ಲದ ಸಜ್ಜಿಗೆ ಅಂದುಕೊಳ್ಳಿ. ಕುಸುಬಲು ಅಕ್ಕಿ ಸೂಪರ್ ಮಾರ್ಕೆಟ್‌ನಲ್ಲಿ ಹಳದಿ ಅಕ್ಕಿ ಅಂತ ಸಿಗುತ್ತದೆ, ಇಡ್ಲಿಗೆ ಆಗುತ್ತದೆ. ಬೇಸಿಗೆಯಲ್ಲಿ ಬರುವ ವ್ಲೀತಾ ನಮ್ಮ ಹರಿವೆ ಸೊಪ್ಪಿನ ಬಳಗದ್ದೇ. ಗ್ಲಿಸ್ತ್ರೀದಾ ಅಂದರೆ ಗೋಣಿಸೊಪ್ಪು. ಇವರು ಅದನ್ನು ಹಸಿಯಾಗಿ ಟೊಮ್ಯಾಟೊ ಜೊತೆ ತಿನ್ನುತ್ತಾರೆ, ನೀವು ಹುಳಿ ಮಾಡಿ. ಮೊದಲ ಮಳೆ ಬಿದ್ದ ಮೇಲೆ ಅಕ್ಕಪಕ್ಕದ ಹೆಂಗಸರು ಗುಡ್ಡದಲ್ಲಿ ಕಾಡು ಸೊಪ್ಪು ಕೀಳಲು ಹೋಗುತ್ತಾರೆ. ಜೊತೆಗೆ ಹೋಗಿ, ಆದರೆ ಅವರು ಸರಿ ಅಂದಿದ್ದನ್ನು ಮಾತ್ರ ಚೀಲಕ್ಕೆ ಹಾಕಿ.

ತೊಗರಿಬೇಳೆ ಮುಗಿದಾಗ ಫಾವಾ ಬಳಸಿ. ಹಳದಿ ಬೇಳೆ, ಹತ್ತಿರದ ಸ್ಖಿನೂಸಾ ದ್ವೀಪದ್ದು ಹೆಸರುವಾಸಿ. ಬೆಂದರೆ ಪೂರ್ತಿ ಕರಗುತ್ತದೆ, ಹಾಗಾಗಿ ಸಾರಿಗೆ ಒಳ್ಳೆಯದು, ಕೋಸಂಬರಿಗೆ ಬೇಡ. ಹುಣಸೆ ಬದಲು ನಿಂಬೆ ಧಾರಾಳವಾಗಿ ಸಿಗುತ್ತದೆ. ಮೊಸರಿಗೆ ಹಸುವಿನ ಹಾಲಿನದ್ದು, ಸೋಸಿ ಗಟ್ಟಿ ಮಾಡದ್ದು ತನ್ನಿ. ಅದೇ ಹೆಪ್ಪಿಗೂ ಆಗುತ್ತದೆ. ನಾಕ್ಸೊಸ್‌ನಲ್ಲಿ ಹಸು ಸಾಕುವವರು ಬೇಕಾದಷ್ಟಿದ್ದಾರೆ, ಇದು ನಮ್ಮ ಪುಣ್ಯ. ಊರಿನ ಕಾಫಿ ಫಿಲ್ಟರ್ ತಂದಿದ್ದರೆ ಗ್ರೀಕ್ ಕಾಫಿಪುಡಿ ಹಾಕಬೇಡಿ. ಅದು ತೀರಾ ನುಣ್ಣಗೆ, ತೂತೆಲ್ಲ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಕಾಫಿಯ ಪುಡಿ ಅಂತ ಕೇಳಿ. ಉದ್ದಿನಬೇಳೆ, ಇಂಗು, ಸಾಸಿವೆ ಅಥೆನ್ಸಿನ ಮೆನಾಂದ್ರು ಬೀದಿಯ ಸುತ್ತ ಇರುವ ಬಾಂಗ್ಲಾ, ಪಾಕಿಸ್ತಾನಿ ಅಂಗಡಿಗಳಲ್ಲಿ ಸಿಗುತ್ತವೆ. ಕರಿಬೇವು ಸಿಕ್ಕಿದ ದಿನ ಜಾಸ್ತಿ ತಂದು ಫ್ರೀಜರಿನಲ್ಲಿಡಿ. ಇಲ್ಲಿನ ಕರೆಂಟ್ ನಮ್ಮಲ್ಲಿಯ ಹಾಗೇ 230 ವೋಲ್ಟ್, ಊರಿನ ಮಿಕ್ಸಿ ಧಾರಾಳವಾಗಿ ನಡೆಯುತ್ತದೆ. ಪ್ಲಗ್ ಮಾತ್ರ ಬದಲಾಯಿಸಿ.

ಸಸ್ಯಾಹಾರಿಗಳಿಗೆ ಒಂದು ಗುಟ್ಟು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಹೋಟೆಲಿಗೆ ಹೋಗಿ 'ನಿಸ್ತೀಸಿಮಾ' ಅಂತ ಕೇಳಿ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಏಡಿ, ಸಿಗಡಿ ಮಾತ್ರ ಅವರ ವ್ರತಕ್ಕೆ ಸಲ್ಲುತ್ತವೆ, ಅದೊಂದು ಕೇಳಿಕೊಳ್ಳಿ. ಎಣ್ಣೆಯಲ್ಲಿ ಬೇಯಿಸಿದ ಬೀನ್ಸ್, ಬದನೆಕಾಯಿ, ಕಡಲೆಕಾಳು ಹೊಟ್ಟೆ ತುಂಬ ಸಿಗುತ್ತದೆ.

ಕಾಗದಪತ್ರದ ಬಗ್ಗೆ ಚುಟುಕಾಗಿ. 9 ಅಂಕಿಯ ತೆರಿಗೆ ಸಂಖ್ಯೆ, 11 ಅಂಕಿಯ ಸಾಮಾಜಿಕ ಭದ್ರತೆಯ ಸಂಖ್ಯೆ ಬಾಯಿಪಾಠ ಇರಲಿ. ಕರೆಂಟ್ ಬಿಲ್ಲುಗಳನ್ನು ಎಸೆಯಬೇಡಿ. ಪುರಸಭೆಯ ತೆರಿಗೆ ಅದರಲ್ಲೇ ಸೇರಿರುತ್ತದೆ, ವಿಳಾಸಕ್ಕೂ ಅದೇ ಸಾಕ್ಷಿ. ಬಿಪಿ, ಸಕ್ಕರೆ ಇರುವವರು ಚಳಿಗಾಲದಲ್ಲಿ ಒಂದು ತಿಂಗಳ ಮಾತ್ರೆ ಮುಂಗಡ ಇಟ್ಟುಕೊಳ್ಳಿ. ಸರದಿಯಲ್ಲಿ ತೆರೆದಿರುವ ಔಷಧಿ ಅಂಗಡಿ ಯಾವುದು ಅಂತ ಮುಚ್ಚಿದ ಅಂಗಡಿಯ ಬಾಗಿಲ ಮೇಲೇ ಬರೆದಿರುತ್ತದೆ. ಆಂಬುಲೆನ್ಸಿಗೆ 166, ಏನೂ ತೋಚದಿದ್ದರೆ 112. ದೊಡ್ಡ ಕಾಯಿಲೆಗೆ ಸೀರೊಸ್ ದ್ವೀಪಕ್ಕೋ ಅಥೆನ್ಸಿಗೋ ಸಾಗಿಸುತ್ತಾರೆ, ಒಂದು ಚೀಲ ಸಿದ್ಧ ಇರಲಿ. ಕಪಾಟು, ಅಟ್ಟಣಿಗೆಗಳನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ. 2025ರ ಫೆಬ್ರವರಿಯಲ್ಲಿ ಸಾಂತೊರಿನಿ, ಅಮೊರ್ಗೊಸ್ ದ್ವೀಪಗಳ ನಡುವೆ ನೆಲ ಎಡೆಬಿಡದೆ ನಡುಗಿದಾಗ ಸಾವಿರಾರು ಜನ ಸಾಂತೊರಿನಿ ಬಿಟ್ಟು ಹೋದರು. ಅದೆಲ್ಲ ನಮಗೆ ಪಕ್ಕದ ಊರೇ.

ಕೊನೆಗೆ ಮಧ್ಯಾಹ್ನದ ಮಾತು. ಬೇಸಿಗೆಯಲ್ಲಿ 3ರಿಂದ 5.30ರವರೆಗೆ ಗದ್ದಲ ಮಾಡುವ ಹಾಗಿಲ್ಲ. ಕಾನೂನೇ ಇದೆ, ಪೊಲೀಸರಿಗೆ ದೂರು ಹೋಗುವುದೂ ಉಂಟು. ಆ ಹೊತ್ತಿಗೆ ಊರು ನಿದ್ದೆ ಮಾಡುತ್ತದೆ. ಫೋನ್ ಮಾಡಬೇಡಿ, ಬಾಗಿಲು ಬಡಿಯಬೇಡಿ, ಗೋಡೆಗೆ ಮೊಳೆ ಹೊಡೆಯಬೇಡಿ. ನಮ್ಮ ಮಿಕ್ಸಿಯ ಸದ್ದು ಈ ಕಿರಿದಾದ ಓಣಿಗಳಲ್ಲಿ ಮೂರು ಮನೆಯಾಚೆಗೂ ಕೇಳುತ್ತದೆ. ಸಂಜೆ ದೋಸೆ ಮಾಡುವುದಿದ್ದರೆ ಚಟ್ನಿಯನ್ನು ಊಟಕ್ಕೆ ಮೊದಲೇ ರುಬ್ಬಿಟ್ಟುಕೊಳ್ಳಿ.